ತಲೆದಿಂಬಿನ ಬಳಿ ನಿಲ್ಲಬೇಕಾದವರು

ಹಾವೇರಿ
26 ಫೆಬ್ರವರಿ 2026, ಗುರುವಾರ ಮಧ್ಯಾಹ್ನ

ರಾಣೇಬೆನ್ನೂರಿನ ತರಬೇತಿ ನಿನ್ನೆ ಮುಗಿಯಿತು. ಇವತ್ತು ಕಾಲೇಜಿಗೆ ರಜೆ ಹಾಕಿದ್ದೇನೆ. ಮಗು ಮಲಗಿದೆ.

ಶಾಂಭವಿಯ ಅಪ್ಪನಿಗೆ,

ಫೋನಿನಲ್ಲಿ ಹೇಳುವುದನ್ನು ಬರೆದು ಕಳಿಸಿದ್ದಾಳಲ್ಲ ಎಂದು ನಿಮಗೆ ಆಶ್ಚರ್ಯವಾದೀತು. ಫೋನಿನಲ್ಲಿ ನಿಮ್ಮ ಹಿಂದೆ ಯಾವಾಗಲೂ ಮೆಣಸಿನಕಾಯಿ ಮಾರುಕಟ್ಟೆಯ ಗದ್ದಲ ಇರುತ್ತದೆ. ನೀವು 'ಹೂಂ' ಅನ್ನುತ್ತೀರಿ, ನಾನು 'ಆತು' ಅನ್ನುತ್ತೇನೆ, ಮಗು 'ಪಪ್ಪಾ, ಊಟ ಆತಾ' ಎಂದು ಕೇಳುತ್ತದೆ, ಅಷ್ಟಕ್ಕೆ ಮುಗಿಯುತ್ತದೆ. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಗಂಡ ಹೆಂಡತಿ ಪುಟಗಟ್ಟಲೆ ಮಾತಾಡುತ್ತಾರೆ. 'ಅವರಿಗೆ ಕೆಲಸಾ ಬೊಗಸಿ ಇರಾಂಗಿಲ್ಲೇನು' ಎಂದು ನೀವು ಒಮ್ಮೆ ನಕ್ಕಿದ್ದಿರಿ. ಅವತ್ತು ನಾನೂ ನಕ್ಕಿದ್ದೆ.

ನೀವು ಕೇಳಿದ್ದು ಒಂದೇ ಮಾತು: ಜೂನಿನಲ್ಲಿ ಶಾಂಭವಿಯನ್ನು ಶಾಲೆಗೆ ಎಲ್ಲಿ ಹಾಕುವುದು, ಹಾವೇರಿಯಲ್ಲೋ ಬ್ಯಾಡಗಿಯಲ್ಲೋ. ಯುಗಾದಿಯೊಳಗೆ ಹೇಳು ಎಂದಿರಿ. ಅದು ಬರೀ ಶಾಲೆಯ ಮಾತಲ್ಲವೆಂದು ಇಬ್ಬರಿಗೂ ಗೊತ್ತು. ಮೂರು ವರ್ಷ ಬೇರೆ ಇದ್ದಾಯಿತು, ಇನ್ನು ಒಂದೇ ಮನೆಯಲ್ಲಿ ಇರುತ್ತೇವೋ ಇಲ್ಲವೋ ಎಂದು ನೀವು ಕೇಳಿದ್ದೀರಿ. ನನ್ನ ಉತ್ತರ ತಯಾರಿತ್ತು. ಬರುವುದಿಲ್ಲ ಎಂಬುದನ್ನು ನೋವಾಗದಂತೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಮೊನ್ನೆ ಆ ಉತ್ತರ ಅಲ್ಲಾಡಿತು. ಹೇಗೆ ಎಂದು ಕ್ರಮವಾಗಿ ಬರೆಯುತ್ತೇನೆ. ನಡುವೆ ಬಿಟ್ಟು ಕೊನೆಯ ಪುಟ ನೋಡಬೇಡಿ.

ತರಬೇತಿ ನಮ್ಮಂಥ ಕಲಿಸುವವರಿಗೆ. ನರ್ಸಿಂಗ್ ಹುಡುಗಿಯರು ನಿಜವಾದ ರೋಗಿಯನ್ನು ಮುಟ್ಟುವ ಮೊದಲು ಬೊಂಬೆಯ ಮೇಲೆ ಅಭ್ಯಾಸ ಮಾಡುತ್ತಾರೆ. ಅದರ ಎದೆ ಏರಿಳಿಯುತ್ತದೆ, ನಾಡಿ ಬಡಿಯುತ್ತದೆ, ಗಾಜಿನ ಆಚೆ ಕೂತು ಒಬ್ಬರು ಮೈಕಿನಲ್ಲಿ ನರಳಿದರೆ ಬೊಂಬೆ ನರಳುತ್ತದೆ. ಇದಕ್ಕೆ ಸಿಮ್ಯುಲೇಶನ್ ಅನ್ನುತ್ತಾರೆ. ಯಾವ ರೋಗಿ, ಏನು ತೊಂದರೆ, ಪಕ್ಕದಲ್ಲಿ ಯಾರಿರಬೇಕು, ಅವರು ಏನು ಹೇಳಬೇಕು ಎಂಬ ಪ್ರಸಂಗವನ್ನು ಕಲಿಸುವವರೇ ಕಟ್ಟಬೇಕು. ಮುಗಿದ ಮೇಲೆ ಎಲ್ಲರೂ ಕುರ್ಚಿ ಎಳೆದುಕೊಂಡು ದುಂಡಗೆ ಕೂತು ಆದದ್ದನ್ನು ಮಾತಾಡಬೇಕು. ಅದು ಡಿಬ್ರೀಫಿಂಗ್. ಕಲಿಯುವುದೆಲ್ಲ ಆ ಕುರ್ಚಿಗಳಲ್ಲೇ ಆಗುತ್ತದಂತೆ.

ಕಲಿಸಲು ಬಂದವರು ಧಾರವಾಡದ ಡಾಕ್ಟರ್ ರುದ್ರಮುನಿ. ಮೊದಲ ದಿನವೇ ಹೇಳಿದರು: 'ಈ ಖೋಲ್ಯಾಗ ಬಂದಾವರು ಯಾರೂ ದಡ್ಡರಲ್ಲ. ಕೆಟ್ಟದ್ದ ಮಾಡಬೇಕಂತನೂ ಯಾರೂ ಬಂದಿಲ್ಲ. ತಪ್ಪ ಕಂಡ್ರ, ಅವರ ತಲ್ಯಾಗ ಅದು ಯಾಕ ಸರಿ ಅನಸ್ತು ಅಂತ ಹುಡುಕ್ರಿ.' ಇಂಥ ಮಾತುಗಳನ್ನು ನಾನು ಬೇಗ ನಂಬುವವಳಲ್ಲ.

ನಾನು ಕಟ್ಟಿದ ಪ್ರಸಂಗ ನಿಮ್ಮ ಊರಿನದು. ಬೀರವ್ವ ಎಂಬ ಹೆಂಗಸು, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು, ದಮ್ಮು ಎಂದು ಆಸ್ಪತ್ರೆಗೆ ಬಂದಿದ್ದಾಳೆ. ಬ್ಯಾಡಗಿಯಲ್ಲಿ ಈ ದಿನಗಳ ಕೆಮ್ಮನ್ನು ಯಾರೂ ಕಾಯಿಲೆ ಎಂದು ಎಣಿಸುವುದಿಲ್ಲ, 'ಘಾಟು' ಎಂದು ಬಿಡುತ್ತಾರೆ. ಆದರೆ ಬೀರವ್ವನಿಗೆ ಇರುವುದು ಹೃದಯದ ತೊಂದರೆ. ಕಾಲು ಬಾತಿದೆ, ಮಲಗಿದರೆ ಉಸಿರು ಕಟ್ಟುತ್ತದೆ. ಬೊಂಬೆಯ ಕಾಲು ಬಾಯುವುದಿಲ್ಲವಲ್ಲ, ಹಾಗಾಗಿ ಅದನ್ನು ಅವಳ ಗಂಡನೇ ಹೇಳಬೇಕು, ನರ್ಸ್ ಅವನನ್ನು ಕೇಳಬೇಕು. ಕೇಳುತ್ತಾಳೋ ಇಲ್ಲವೋ ಎಂಬುದೇ ಪ್ರಸಂಗದ ತಿರುಳು. ನರ್ಸ್ ಆದವಳು ನಮ್ಮ ಕಾಲೇಜಿನ ಶೈಲಾ. ಗಂಡನಾದವರು ತೌಸಿಫ್ ಎಂಬುವರು. ರಾಣೇಬೆನ್ನೂರಿನಲ್ಲಿ ಪಾಠ ಮಾಡುತ್ತಾರೆ, ಊರು ಬ್ಯಾಡಗಿ. ತಂದೆ ಚಮನಸಾಬರು ನಿಮ್ಮ ಮಾರುಕಟ್ಟೆಯ ಯಾರ್ಡಿನಲ್ಲಿ ಹಮಾಲರಾಗಿದ್ದರಂತೆ, ನಿಮಗೆ ಗುರುತಿರಬಹುದು. ತೌಸಿಫರಿಗೆ ನಾನು ಹೇಳಿದ್ದು ಇಷ್ಟೇ: ತಲೆದಿಂಬಿನ ಬಳಿ ನಿಲ್ಲಿ, ಕೇಳಿದರೆ ಮಾತ್ರ ಹೇಳಿ, ಕದಲಬೇಡಿ.

ಬೊಂಬೆಗೆ ಸೀರೆ ಉಡಿಸುವುದೇ ಒಂದು ಕಥೆಯಾಯಿತು. 'ಅಕ್ಕಾರ, ಈಕಿ ನಡಾನ ಬಗ್ಗಾಂಗಿಲ್ಲ, ನಿರಿಗಿ ಎಲ್ಲಿ ಸಿಗಸ್ಲಿ?' ಎಂದು ಶೈಲಾ ಕೈ ಚೆಲ್ಲಿದಳು. ನನಗೆ ಅಷ್ಟೂ ಸಾಲಲಿಲ್ಲ. ಕೋಣೆಗೆ ಕಾಲಿಟ್ಟರೆ ಬ್ಯಾಡಗಿ ಅನಿಸಬೇಕು ಎಂದು ತೌಸಿಫರಿಂದ ಅರ್ಧ ಚೀಲ ಮೆಣಸಿನಕಾಯಿ ತರಿಸಿ ಮೂಲೆಯಲ್ಲಿ ಬಾಯಿ ಬಿಚ್ಚಿ ಇಡಿಸಿದೆ. ನಿಮ್ಮ ಅಂಗಡಿಯದಲ್ಲ. ಕಿಟಕಿ ಮುಚ್ಚಿತ್ತು, ಫ್ಯಾನು ತಿರುಗುತ್ತಿತ್ತು. ಮುಂದಿನದನ್ನು ನಿಮಗೆ ಹೇಳಬೇಕಾಗಿಲ್ಲ. ಶೈಲಾ ಸೀನಿದಳು, ನೋಡಲು ಕೂತವರು ಸೀನಿದರು, ಗಾಜಿನ ಆಚೆ ಬೀರವ್ವನ ದನಿಯಾಗಿ ಕೆಮ್ಮಬೇಕಾದ ನಾನು ನಿಜವಾಗಿಯೇ ಕೆಮ್ಮಿದೆ. ಆ ಗದ್ದಲದಲ್ಲಿ ಬೊಂಬೆಯ ಉಸಿರನ್ನು ಕೇಳುವವರೇ ಇರಲಿಲ್ಲ. ಆಮೇಲೆ ರುದ್ರಮುನಿ ಸರ್ ಕಣ್ಣೊರೆಸಿಕೊಳ್ಳುತ್ತ, 'ಖರೇ ಅನಸ್ಬೇಕಂತ ಎಲ್ಲಾ ಖರೇನ ತಂದ ಇಡಬ್ಯಾಡ್ರಿ ಮೇಡಂ. ಕಲಿಯಾಕ ಎಷ್ಟ ಬೇಕೋ ಅಷ್ಟ ಸಾಕು' ಎಂದರು. ಒಪ್ಪಿಕೊಂಡೆ.

ಪ್ರಸಂಗ ಕೆಟ್ಟಿದ್ದು ಅದರಿಂದಲ್ಲ. ಶೈಲಾ ಬೀರವ್ವನಿಗೆ ಆಮ್ಲಜನಕದ ಮಾಸ್ಕ್ ಹಾಕುವ ಹೊತ್ತಿಗೆ ತೌಸಿಫ್ ಒಮ್ಮೆ ಬೊಂಬೆಯನ್ನು ನೋಡಿದರು, ಎರಡು ಹೆಜ್ಜೆ ಹಿಂದೆ ಸರಿದರು, ತಿರುಗಿ ಬಾಗಿಲು ತೆರೆದುಕೊಂಡು ಹೊರಗೆ ಹೋಗಿಬಿಟ್ಟರು. 'ಅಯ್ಯ, ಗಂಡ ಓಡಿ ಹೋದ್ನಲ್ರೀ! ಇನ್ನ ಯಾರನ್ನ ಕೇಳ್ಲಿ?' ಎಂದು ಶೈಲಾ ಕೂಗಿದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಯಾಕೆಂದು ನಿಮಗೆ ಈಗಾಗಲೇ ಗೊತ್ತಾಗಿರಬಹುದು, ಗೊತ್ತಾಗದೆಯೂ ಇರಬಹುದು.

ಡಿಬ್ರೀಫಿಂಗ್ ನಡೆಸುವ ಸರದಿ ನನ್ನದೇ. ಕೂತ ಕೂಡಲೇ ಕೇಳಿದೆ: 'ನಡುವ ಬಿಟ್ಟು ಯಾಕ ಓಡಿ ಹೋದ್ರಿ?'

ರುದ್ರಮುನಿ ಸರ್ ಕೈ ಎತ್ತಿದರು. 'ಮೇಡಂ, ಇದು ಕೇಳೂದಲ್ರಿ, ತೀರ್ಪ ಕೊಡೂದು. ಓಡಿ ಹೋದ್ರು ಅಂತ ನೀವ ನಿರ್ಧಾರ ಮಾಡೀರಿ. ನೀವು ಕಣ್ಣಿಲೆ ಕಂಡದ್ದ ಹೇಳ್ರಿ, ಅದರಿಂದ ನಿಮಗೇನ ಅನಸ್ತು ಹೇಳ್ರಿ, ಆಮ್ಯಾಲೆ ಅವರ ಮನಸ್ಸಿನಾಗ ಏನಿತ್ತು ಅಂತ ಕೇಳ್ರಿ. ಉತ್ತರಾ ಕಿಸೆದಾಗ ಇಟಗೊಂಡ ಕೇಳಬ್ಯಾಡ್ರಿ. ಕೇಳಿದ ಮ್ಯಾಲೆ ಬಾಯಿ ಮುಚ್ಚಿ ಕುಂದ್ರಿ.'

ಮತ್ತೆ ಕೇಳಿದೆ. 'ಮಾಸ್ಕ್ ಹಾಕೂವಾಗ ನೀವು ಹೊರಗ ಹೋದದ್ದ ಕಂಡೆ. ಹೇಣತಿನ್ನ ಬಿಟ್ಟ ಹೋದ್ರು ಅಂತ ನನಗ ಅನಸ್ತು, ಸಿಟ್ಟ ಬಂತು. ನಿಮ್ಮ ಮನಸ್ಸಿನಾಗ ಏನಿತ್ತು?' ಆಮೇಲೆ ಬಾಯಿ ಮುಚ್ಚಿ ಕೂತೆ. ಅದು ಎಷ್ಟು ಕಷ್ಟ ಎಂದು ನೀವು ಊಹಿಸಲಾರಿರಿ. ಮಾತು ಕಡಿಮೆ ಆಡುವವಳು ನಾನು, ಆದರೂ ಆ ಮೌನದಲ್ಲಿ ಅವರ ಪರವಾಗಿ ನಾನೇ ಮೂರು ಉತ್ತರ ಹೇಳಿಕೊಂಡೆ. ಹೆದರಿದರು, ಬೇಸರವಾಯಿತು, ಫೋನು ಬಂತು.

ತೌಸಿಫ್ ತಮ್ಮ ಅಂಗಿಯ ತೋಳನ್ನು ಮೂಸಿ ನೋಡಿಕೊಂಡರು. 'ಮೇಡಂ, ಆ ಚೀಲ ನಾನ ಹೊತ್ಕೊಂಡ ಬಂದಿದ್ನೆಲ್ಲ, ಅಂಗಿ ತುಂಬ ಘಾಟಿತ್ತು. ನಮ್ಮ ಅಬ್ಬಾ ಯಾರ್ಡಿನಿಂದ ಬಂದ್ರ ಹಿತ್ತಲದಾಗ ಅಂಗಿ ಕಳದು, ತಲಿ ಮ್ಯಾಲೆ ನೀರ ಹಾಕ್ಕೊಂಡನ ಒಳಗ ಬರ್ತಿದ್ರು. ನಮ್ಮ ತಂಗಿ ಅಫ್ರೀನ್‌ಗ ಸಣ್ಣಾಕಿದ್ದಾಗಿಂದ ದಮ್ಮು. ಒಮ್ಮೆ ಅಬ್ಬಾ ಮೈ ತೊಳೀದ ಹಂಗ ಬಂದ ಎತ್ಕೊಂಡಿದ್ದಕ್ಕ ಆಕಿ ತುಟಿ ನೀಲಿ ಆಗಿತ್ತು. ಇಲ್ಲಿ ಮಾಸ್ಕ್ ಕಂಡ ಕೂಡ್ಲೆ, ನಾ ತಲಿ ಹಂತ್ಯಾಕ ನಿಂತಷ್ಟೂ ಆಕಿಗೆ ಉಸರ ಕಟ್ಟತೈತಿ ಅನಸ್ತು. ಅಂಗಿ ಬದಲಿಸಿ ಬರ್ತೇನಿ ಅಂತ ಹೊಂಟೆ. ಬೊಂಬಿ ಅನ್ನೋದ ಮರತ ಬಿಟ್ಟಿನ್ರಿ.'

'ಹಂಗಾರ ಹೇಳಿ ಹೋಗಬಾರದೇನ್ರಿ?' ಎಂದು ಶೈಲಾ ಕೇಳಿದಳು. 'ಹೇಳಾಕ ಬಾಯಿ ತಗದ್ರ ಇನ್ನೂ ಹತ್ರ ಹೋಗಬೇಕಾಗ್ತಿತ್ತು' ಎಂದರು ತೌಸಿಫ್. ನಾನು ನೀರು ಕುಡಿದು ಬರುತ್ತೇನೆಂದು ಎದ್ದು ಹೋದೆ.

ಈಗ ನಾನು ಕಂಡದ್ದು ಬರೆಯುತ್ತೇನೆ, ಅಂದಾಜು ಬೆರೆಸದೆ.

ಶಾಂಭವಿಗೆ ಎಂಟು ತಿಂಗಳು. ಸೋಮವಾರ, ಯಾರ್ಡಿನಲ್ಲಿ ಮೆಣಸಿನಕಾಯಿಗೆ ರೇಟು ಕಟ್ಟುವ ಟೆಂಡರ್ ದಿನ. ನಾನು ಮಗುವನ್ನು ಆಂಬುಲೆನ್ಸಿನಲ್ಲಿ ಹಾವೇರಿಗೆ ತಂದೆ, ನೀವು ಯಾರ್ಡಿನಿಂದ ನೇರವಾಗಿ ಬಂದಿರಿ. ಮಗುವಿನ ಮೂಗಿಗೆ ಆಮ್ಲಜನಕದ ನಳಿಗೆ ಇತ್ತು. ನೀವು ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದಿರಿ. ನಾನು ಕೈ ಮಾಡಿ ಕರೆದೆ. ಎರಡು ಹೆಜ್ಜೆ ಒಳಗೆ ಬಂದಿರಿ, ಮಗು ಕೆಮ್ಮಿತು, ನೀವು ತಿರುಗಿ ಹೋದಿರಿ. ಒಂದು ಮಾತೂ ಹೇಳಲಿಲ್ಲ. ಬಹಳ ಹೊತ್ತಾದ ಮೇಲೆ ಬಂದು ತಲೆದಿಂಬಿನ ಬಳಿ ನಿಂತಿರಿ. 'ಔಷಧ ಬರದಾರ, ತಗೊಂಡ ಬರ್ರಿ' ಎಂದೆ. 'ತರ್ತೇನಿ' ಎಂದಿರಿ. ಆ ದಿನದ ಬಗ್ಗೆ ನಾವು ಆಡಿದ್ದು ಅಷ್ಟೇ.

ಊರವರಿಗೆಲ್ಲ ನಾನು ಹೇಳಿದ್ದು, ಮಗುವಿನ ಎದೆಗೆ ಬ್ಯಾಡಗಿಯ ಗಾಳಿ ಆಗುವುದಿಲ್ಲ, ಅದಕ್ಕೇ ಹಾವೇರಿಯಲ್ಲಿ ಮನೆ ಮಾಡಿದೆ ಎಂದು. ಅದು ಸುಳ್ಳಲ್ಲ, ಡಾಕ್ಟರೂ ಹೇಳಿದ್ದರು. ಆದರೆ ನಾನು ಬಂದದ್ದು ಅದಕ್ಕಲ್ಲ. ಮಗುವನ್ನು ಬಿಟ್ಟು, ಫೋನಿನಲ್ಲಿ ಟೆಂಡರಿನ ರೇಟು ಕೇಳಲು ಹೊರಗೆ ಹೋದವರ ಜೊತೆ ಇರಲು ನನಗೆ ಮನಸ್ಸಾಗಲಿಲ್ಲ. ರೇಟು ಕೇಳಲು ಹೋದಿರಿ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಹೇಳಿಕೊಂಡಿದ್ದೆ.

ಮನೆಯಲ್ಲಿ ನೀವು ಹಿಂದಿನ ಬಾಗಿಲಿನಿಂದ ಬಂದು, ಮೈ ತೊಳೆದುಕೊಂಡೇ ಮಗುವನ್ನು ಎತ್ತಿಕೊಳ್ಳುತ್ತಿದ್ದಿರಿ. ಅದನ್ನು ನಿಮ್ಮ ಅವ್ವನವರ ಮಡಿ ಎಂದುಕೊಂಡಿದ್ದೆ. ರಾಣೇಬೆನ್ನೂರಿನ ನನ್ನ ತವರುಮನೆಯಲ್ಲಿ ಮೆಣಸಿನಕಾಯಿ ಬರುವುದು ಕಿಲೋ ಲೆಕ್ಕದಲ್ಲಿ, ಡಬ್ಬಿಗೆ. ಅದು ಮೈಗೆ ಹತ್ತಿಕೊಂಡು ಮನೆಗೆ ಬರುತ್ತದೆಂದು ನನಗೆ ಯಾರು ಹೇಳಬೇಕಿತ್ತು?

ಇಲ್ಲಿ ನಿಲ್ಲಿಸಿಕೊಳ್ಳುತ್ತೇನೆ, ಯಾಕೆಂದರೆ ಇದೂ ಜಾರುವ ಜಾಗವೇ. ತೌಸಿಫರ ಉತ್ತರ ತೌಸಿಫರದು. ಅದನ್ನು ತಂದು ನಿಮ್ಮ ಬಾಯಲ್ಲಿ ಇಟ್ಟರೆ ಕೆಟ್ಟ ಊಹೆಯ ಬದಲು ಒಳ್ಳೆಯ ಊಹೆ ಮಾಡಿದಂತಾಗುತ್ತದೆ, ಅಷ್ಟೇ. ನೀವು ನಿಜವಾಗಿ ರೇಟು ಕೇಳಲು ಹೋಗಿರಬಹುದು. ಹೆದರಿರಬಹುದು. ನನಗೆ ಹೊಳೆಯದ ಮತ್ತೇನೋ ಇರಬಹುದು. ಏನಿತ್ತೆಂದು ತಿಳಿಯುವ ಆಸೆ ಮೂರು ವರ್ಷದಲ್ಲಿ ಮೊದಲ ಸಲ ನನಗೆ ಸಿಟ್ಟಿಗಿಂತ ದೊಡ್ಡದಾಗಿದೆ. ಇದು ಕ್ಷಮೆ ಕೇಳುವ ಪತ್ರವಲ್ಲ, ಕ್ಷಮಿಸುವ ಪತ್ರವೂ ಅಲ್ಲ.

ತರಬೇತಿಗೆ ಹೋಗುವಾಗ ಬಸ್ಸು ಮೋಟೆಬೆನ್ನೂರು ಕ್ರಾಸಿನಲ್ಲಿ ನಿಂತರೆ ನಾನು ಕಿಟಕಿ ಮುಚ್ಚುತ್ತಿದ್ದೆ. ನಿನ್ನೆ ಬರುವಾಗ ಮುಚ್ಚಲಿಲ್ಲ. ಬ್ಯಾಡಗಿಯ ರಸ್ತೆಯಿಂದ ಬಂದ ಮೆಣಸಿನಕಾಯಿ ಲಾರಿಯೊಂದು ಪಕ್ಕದಲ್ಲೇ ನಿಂತಿತು. ಕೆಮ್ಮು ಬಂತು. ಕೆಮ್ಮುತ್ತಲೇ ಕೂತಿದ್ದೆ.

ರುದ್ರಮುನಿ ಸರ್ ಇನ್ನೊಂದು ಹೇಳಿದ್ದರು: ಯಾರನ್ನೂ ಹಠಾತ್ತನೆ ಕುರ್ಚಿಯಲ್ಲಿ ಕೂರಿಸಬಾರದು, ಯಾವುದರ ಬಗ್ಗೆ ಮಾತು ಎಂದು ಮೊದಲೇ ತಿಳಿಸಬೇಕು. ಅದಕ್ಕೇ ಈ ಪತ್ರ. ಉತ್ತರ ಬರೆಯಬೇಡಿ, ಫೋನೂ ಮಾಡಬೇಡಿ. ಎಂಟನೇ ತಾರೀಖು, ಭಾನುವಾರ, ಯಾರ್ಡಿಗೆ ರಜೆ. ಅಂದು ಬೆಳಗಿನ ಗಾಡಿಗೆ ಶಾಂಭವಿಯನ್ನು ಕರೆದುಕೊಂಡು ಬ್ಯಾಡಗಿಗೆ ಬರುವುದೆಂದು ನಿರ್ಧರಿಸಿದ್ದೇನೆ. ಮಗುವನ್ನು ನಿಮ್ಮ ಅವ್ವನವರ ಹತ್ತಿರ ಬಿಟ್ಟು, ಹಿತ್ತಲ ಕಟ್ಟೆಯ ಮೇಲೆ ಕೂತು ಒಂದೇ ಮಾತು ಕೇಳುತ್ತೇನೆ, ಆಮೇಲೆ ಬಾಯಿ ಮುಚ್ಚಿ ಕೂರುತ್ತೇನೆ. ನೀವು ಎಷ್ಟು ಹೊತ್ತು ತೆಗೆದುಕೊಂಡರೂ ಸರಿ. ಶಾಲೆ ಎಲ್ಲಿ ಎಂಬುದು ಅದಾದ ಮೇಲೆ. ಇದನ್ನು ಇನ್ನೂ ಯಾರಿಗೂ ಹೇಳಿಲ್ಲ, ಶಾಂಭವಿಗೂ. ಹೇಳಿದರೆ ಅವಳು ಇವತ್ತೇ ಚಪ್ಪಲಿ ಹಾಕಿಕೊಂಡು ನಿಲ್ಲುತ್ತಾಳೆ.

ಇಂತಿ,
ಭುವನಾ

ಬಿಟ್ಟ ಮಾತು: ಕಂಡದ್ದು ಬರೆಯುತ್ತೇನೆ ಎಂದಿದ್ದೆನಲ್ಲ, ಒಂದನ್ನು ಬಿಟ್ಟಿದ್ದೆ. ಬರೆದರೆ ಉತ್ತರವನ್ನು ನಾನೇ ಎತ್ತಿಕೊಟ್ಟಂತಾಗುತ್ತದೆ ಎಂದು. ಆದರೆ ಕಂಡದ್ದನ್ನು ಬಚ್ಚಿಡುವುದೂ ಸರಿಯಲ್ಲ. ವಾರ್ಡಿಗೆ ವಾಪಸು ಬಂದಾಗ ನೀವು ತಿಳಿನೀಲಿ ಅಂಗಿ ಹಾಕಿದ್ದಿರಿ, ಹೊಸದು. ಎದೆಯ ಮೇಲೆ ಮಡಿಕೆಯ ಗೆರೆಗಳು ಹಾಗೇ ಇದ್ದವು, ಕಾಲರಿನಲ್ಲಿ ಅಂಗಡಿಯವರ ಗುಂಡುಸೂಜಿ ಇತ್ತು. ಮಗುವಿಗೆ ಚುಚ್ಚೀತು ಎಂದು ನಾನೇ ಅದನ್ನು ತೆಗೆದೆ. ಕೂಸು ಉಸಿರಿಗೆ ಒದ್ದಾಡುವಾಗ ಈ ಮನುಷ್ಯ ರೇಟು ಕೇಳಿದ್ದು ಸಾಲದೆಂದು ಅಂಗಿಯನ್ನೂ ಕೊಂಡು ಬಂದಿದ್ದಾನೆ ಎಂದು ಅವತ್ತು ಅಂದುಕೊಂಡೆ. ನಿಮ್ಮ ತಲೆಗೂದಲು ಒದ್ದೆಯಿತ್ತೇ ಎಂದು ನಿನ್ನೆಯಿಂದ ನೆನಪಿಸಿಕೊಳ್ಳಲು ನೋಡುತ್ತಿದ್ದೇನೆ. ಸೂಜಿಯನ್ನು ಕಂಡ ಕಣ್ಣು ಅದನ್ನು ನೋಡಿರಲಿಲ್ಲ.