ನೀವು ಸೇದದ ಹತ್ತು ದಿನ

ತಾಂಡೂರು
17-11-2024, ರವಿವಾರ

ಲಾವಣ್ಯಳ ಅಪ್ಪನವರಿಗೆ ಮೋನಮ್ಮಳ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನೀವೂ ಕುರಿಗಳೂ ಕ್ಷೇಮವೆಂದು ಪೋಚಪ್ಪನಿಂದ ತಿಳಿಯಿತು. ಮನೆ ಬಿಟ್ಟು ಬಂದ ಏಳು ತಿಂಗಳಿಗೆ ಕಾಗದ ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸಿ ಎನ್ನುವುದಕ್ಕೂ ಮುಖವಿಲ್ಲ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ ನನ್ನ ಬಾಯಿ ನಿಮಗೆ ಗೊತ್ತೇ ಇದೆ, ಎರಡನೆಯ ಮಾತಿಗೆ ಜಗಳ ತೆಗೆಯುತ್ತದೆ. ಯಾಲಾಲದಲ್ಲಿರುವ ತನ್ನ ತಂಗಿಯ ಮನೆಗೆ ಬಂದಿದ್ದ ನಿಮ್ಮ ಜೊತೆಗಾರ ಪೋಚಪ್ಪ, ಇಷ್ಟು ದೂರ ಬಂದವನು ವೈನಿ ಎಂದು ಕರೆಯುವ ನನ್ನನ್ನೂ ನೋಡಿ ಹೋಗೋಣವೆಂದು ಬೆಳಗ್ಗೆ ಬಂದ. ಅವನ ಬಸ್ಸು ಹೊರಡುವುದರೊಳಗೆ ಬರೆದು ಕೈಗೆ ಕೊಡಬೇಕು. ನಿಮಗೆ ಓದಲು ಬರುತ್ತದೆ, ನಿಧಾನವಾದರೂ ನೀವೇ ಓದಿ. ಅವನ ಕೈಲಿ ಓದಿಸಬೇಡಿ.

ನಾನೀಗ ಉಮಾಬಾಯಿ ಎಂಬ ಡಾಕ್ಟರಮ್ಮನ ದವಾಖಾನೆಯಲ್ಲಿ ಆಯಾ. ಅವರು ಮನಸ್ಸಿನ ರೋಗ ನೋಡುವವರು. ಕಸ ಹೊಡೆಯುವುದು, ಚೀಟಿಯ ನಂಬರು ಕೂಗುವುದು, ಅಳುವವರಿಗೆ ನೀರು ಕೊಡುವುದು ನನ್ನ ಕೆಲಸ. ನೀರು ಕೊಡುವುದೇ ಹೆಚ್ಚು. ಲಾವಣ್ಯ ಜಹೀರಾಬಾದಿನ ಹಾಸ್ಟೆಲ್ಲಿನಲ್ಲಿ ಏಳನೆಯ ತರಗತಿ ಓದುತ್ತಿದ್ದಾಳೆ, ಹಬ್ಬಕ್ಕೆ ಬಂದು ಹೋದಳು. ರವಿವಾರ ದವಾಖಾನೆ ಬಂದ್ ಇರುತ್ತದೆ, ಹಿಂದಿನ ಕೋಣೆಯಲ್ಲಿ ನಾನೊಬ್ಬಳೇ. ಇಬ್ಬರಿಗಾಗುವಷ್ಟು ರೊಟ್ಟಿ ಬಡಿದುಬಿಡುತ್ತೇನೆ, ಕೈಗೆ ಇನ್ನೂ ಬುದ್ಧಿ ಬಂದಿಲ್ಲ. ಶನಿವಾರ ಸಂಜೆ ಆಡಿದ ಮಾತೇ ಕೊನೆ, ಸೋಮವಾರದ ತನಕ ಬಾಯಿ ತೆರೆಯುವ ಕೆಲಸವಿಲ್ಲ. ಅದೂ ನನ್ನಂಥ ಬಾಯಿಬಡಕಿಗೆ.

ವಿಷಯಕ್ಕೆ ಬರುತ್ತೇನೆ. ಹೋದ ವಾರ ಭೂದೇವಿ ಎಂಬ ಹೆಂಗಸು ದವಾಖಾನೆಗೆ ಬಂದಿದ್ದಳು. ಗಂಡ ಲಾರಿ ಡ್ರೈವರ್ ಎಂದಳು. ಲಾರಿ ಎಂದ ಕೂಡಲೇ ನನಗೆ ಸಿಟ್ಟು ಬಂತು. ಜಹೀರಾಬಾದ್ ರಸ್ತೆಯಲ್ಲಿ ನಮ್ಮ ಹಿಂಡಿನ ಮೇಲೆ ಹರಿದದ್ದು ಅವನ ಲಾರಿಯಲ್ಲ, ಆದರೂ ಬಂತು. ಆ ದಿನದಿಂದಲೇ ಅಲ್ಲವೇ ನಿಮ್ಮ ನಿದ್ದೆ ಹಾರಿಹೋದದ್ದು. ಎಲ್ಲಿ ಹಾರ್ನ್ ಕೇಳಿದರೂ ಉಣ್ಣುವ ತಾಟು ಬಿಟ್ಟು ಹಿಂಡಿನ ಕಡೆ ಓಡುತ್ತಿದ್ದಿರಿ. ಆಮೇಲೆ ಯಾರೋ ಚಿಲುಮೆ ಕೊಟ್ಟರು. ಗಾಂಜಾ ಸೇದಿದ ಮೊದಲ ದಿನ ನೀವು ಬೆಳಗಿನ ತನಕ ಹೊರಳದೆ ಮಲಗಿದಿರಿ. ನಾನೂ ಸುಮ್ಮನಾದೆ. ಎರಡು ವರ್ಷ ಸುಮ್ಮನಿದ್ದೆ.

ಭೂದೇವಿ ಕೇಳಿದಳು, "ಗಾಂಜಾ ಬಿಟ್ಟು ಆರು ದಿನ ಆತ್ರಿ ಮೇಡಂ. ಸೇದುವಾಗ ಸಾಧು ಆಕಳಂಗ ಇದ್ದ. ಈಗ ಸಿಟ್ಟಿಗೆದ್ದು ತಾಟು ಒಗೀತಾನ, ಮೈತುಂಬ ಬೆವರು, ನಿದ್ದಿ ಇಲ್ಲ. ಬಿಡಿಸಿದ್ದೇ ತಪ್ಪಾತೇನ್ರಿ?"

ಡಾಕ್ಟರಮ್ಮ ಅವಳ ಕೈಹಿಡಿದು ಹೇಳಿದರು, "ತಪ್ಪಲ್ಲವ್ವ. ನಮ್ಮ ತಲಿ ಗಾಂಜಾದಂಥದ್ದೊಂದು ರಸ ತಾನೇ ಮಾಡ್ಕೊಂತದ. ಅಂಜಿಕಿ ಬಂದಾಗ ಎದಿ ಹೊಡ್ಕೊಂತದಲ್ಲ, ಆಗ ಆ ರಸ ಬಂದು, ಆತು, ಇನ್ನ ಸುಮ್ಕಿರು ಅಂತದ. ಹೊರಗಿಂದ ದಿನಾ ಹೊಗಿ ತುಂಬಿದ್ರ, ಆ ಮಾತು ಕೇಳೋ ಕಿವಿಗೋಳು ತಲಿಯಾಗ ಕಡಿಮಿ ಆಗ್ತಾವ. ಹೊಗಿ ನಿಂತ ಮ್ಯಾಲ ಸುಮ್ಕಿರು ಅಂದ್ರ ಕೇಳೋರು ಯಾರು? ಅದಕ್ಕ ಸಣ್ಣ ಸದ್ದಿಗೂ ದೊಡ್ಡ ಸಿಟ್ಟು. ಮೊದಲ ವಾರ ಭಾಳ ಕಠಿಣ. ಎರಡು ವಾರಕ್ಕ ಇಳೀತದ. ತಿಂಗಳಾಗೂದ್ರಾಗ ಆ ಕಿವಿಗೋಳು ತಿರುಗಿ ಬರ್ತಾವ. ಅಲ್ಲೀತನಕ ಅವನ್ನ ಒಬ್ಬನ್ನೇ ಬಿಡಬ್ಯಾಡ."

ಭೂದೇವಿಗೆಂದು ಹಿಡಿದುಕೊಂಡು ನಿಂತಿದ್ದ ನೀರನ್ನು ನಾನೇ ಕುಡಿದುಬಿಟ್ಟೆ.

ನಾನು ಮನೆ ಬಿಡುವ ಮುಂಚಿನ ನಿಮ್ಮ ಆ ಹತ್ತು ದಿನ ನೆನಪಾಯಿತು. ನಿಮಗೆ ಏನಾಗಿದೆ ಎಂದು ನನಗೆ ಗೊತ್ತಾಗಲಿಲ್ಲ. ಉಣ್ಣಲಿಲ್ಲ, ಮಲಗಲಿಲ್ಲ. ಲಾವಣ್ಯಳ ಪುಸ್ತಕದ ಚೀಲವನ್ನು ಅಂಗಳಕ್ಕೆ ಎಸೆದಿರಿ. ನನ್ನ ತವರಿನವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಬೈದಿರಿ. ಹತ್ತನೆಯ ದಿನ ಸಂಜೆ ಮತ್ತೆ ಚಿಲುಮೆ ಹಚ್ಚಿದಿರಿ. ಮರುದಿನ ಓಣಿಯವರೆಲ್ಲ ಕೇಳುವ ಹಾಗೆ, "ಗಾಂಜಾ ಸೇದಾಂವನ ಕೂಡ ನಾ ಬಾಳ್ವಿ ಮಾಡಂಗಿಲ್ಲ" ಎಂದು ಕೂಗಿ, ಮಗಳ ಕೈಹಿಡಿದು ನಾರಾಯಣಖೇಡದಲ್ಲಿ ಬಸ್ಸು ಹತ್ತಿದೆ. ನೀವು ತಡೆಯಲಿಲ್ಲ. ತಲೆ ತಗ್ಗಿಸಿ ಬಾಗಿಲಲ್ಲಿ ನಿಂತಿದ್ದಿರಿ.

ಆ ಹತ್ತು ದಿನ ನೀವು ಸೇದದೆ ಇದ್ದದ್ದು ಹರಕೆಯಾಗಿತ್ತು ಎಂದು ಇವತ್ತು ಪೋಚಪ್ಪ ಹೇಳಿದ. ಕುಲದೇವರು ಬೀರಪ್ಪನ ಭಂಡಾರದ ಅರಿಶಿನ ಕೈಯಲ್ಲಿ ಹಿಡಿದು ಒಂದು ತಿಂಗಳು ಮುಟ್ಟುವುದಿಲ್ಲ ಎಂದಿದ್ದಿರಂತೆ. ಹರಕೆ ತೀರುವ ತನಕ ಹೆಂಡತಿಗೂ ಹೇಳಬಾರದು, ಹೇಳಿದರೆ ಫಲ ಹೋಗುತ್ತದೆ ಎಂಬುದು ನಿಮ್ಮ ಮನೆತನದ ರೀತಿ. ಒಂದು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಮೊದಲು ನಿಮ್ಮ ಮೇಲೆ ಸಿಟ್ಟು ಬಂತು. ಆಮೇಲೆ ಅಳು ಬಂತು. ನಮ್ಮನ್ನೆಲ್ಲ ಬೈಯುತ್ತಿದ್ದ ಆ ಹತ್ತು ದಿನವೇ ನೀವು ನಮಗಾಗಿ ಕಷ್ಟಪಡುತ್ತಿದ್ದ ದಿನಗಳು.

ಇನ್ನೊಮ್ಮೆ ಬಿಡಿ. ಈ ಸಲ ಹರಕೆ ಬೇಡ, ಇಲ್ಲಿಗೆ ಬನ್ನಿ. ನಿದ್ದೆಗೆ, ಹಾರ್ನಿನ ಅಂಜಿಕೆಗೆ ಡಾಕ್ಟರಮ್ಮ ಔಷಧ ಕೊಡುತ್ತಾರೆ. ಹಿಂಡು ಬಿಟ್ಟು ಬರಲಾಗದಿದ್ದರೆ ಹೇಳಿ ಕಳಿಸಿ, ನಾನೇ ಬರುತ್ತೇನೆ. ಬೇಕಾದರೆ ತಾಟು ಎಸೆಯಿರಿ, ಸ್ಟೀಲಿನದು, ಒಡೆಯುವುದಿಲ್ಲ. ಬೈದರೆ ನಾನೂ ಬೈಯುತ್ತೇನೆ, ಆದರೆ ಎದ್ದು ಹೋಗುವುದಿಲ್ಲ. ನೀವಿಲ್ಲದೆ ನನಗೆ ಬಹಳ ಬೇಸರವಾಗಿದೆ.

ಚಳಿ ಬಿದ್ದಿದೆ. ತೊಗರಿ ಹೊಲದ ಬದುವಿನಲ್ಲಿ ಬರಿ ನೆಲದ ಮೇಲೆ ಮಲಗಬೇಡಿ. ಬೀರಪ್ಪ ನಿಮ್ಮನ್ನೂ ಹಿಂಡನ್ನೂ ಕಾಯಲಿ.

ನಿಮ್ಮ
ಮೋನಮ್ಮ

ತಾ.ಕ.: ಕಾಗದ ಮಡಚಿ ಪೋಚಪ್ಪನ ಕೈಗೆ ಕೊಟ್ಟಾಗಿತ್ತು. ಬಸ್ಸಿಗೆ ಕಾಯುತ್ತ ಅವನು ಇನ್ನೊಂದು ಮಾತು ಹೇಳಿದ. "ಅಂವ ಬೀರಪ್ಪನ ಗುಡಿಯೊಳಗ ಹೋಗಂಗಿಲ್ಲ ವೈನಿ, ಪಾವಟಿಗಿ ಹತ್ತದ ಕೆಳಗ ನಿಂತು ತಿರುಗಿ ಬರ್ತಾನ. ಹತ್ತನೇ ದಿನ ಕಂಬಳಿಯಾಗ ಗಾಂಜಾ ಪುಡಿ ಸಿಕ್ತಂತ. ದೇವರೇ ಇಟ್ಟು ಪರೀಕ್ಷಾ ಮಾಡಿದ, ನಾ ಸೋತೆ, ಇನ್ನ ಅಂವ ನನ್ನ ಮುಖ ನೋಡಂಗಿಲ್ಲ ಅಂತಾನ." ಅದಕ್ಕೇ ಕಾಗದ ವಾಪಸು ಇಸಿದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ನನಗೆ ಗೊತ್ತಾಗಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಹರಕೆ ಗೊತ್ತಿರಲಿಲ್ಲ, ಅದು ನಿಜ. ಆದರೆ ನೀವು ಬಿಟ್ಟಿದ್ದೀರಿ ಎಂದು ಮೂರನೆಯ ದಿನವೇ ತಿಳಿದಿತ್ತು. ಅಂಗಿ ಒಗೆಯುವವಳು ನಾನಲ್ಲವೇ, ಹೊಗೆಯ ವಾಸನೆ ಇರಲಿಲ್ಲ. ನಿಮ್ಮ ಸಿಟ್ಟು ನನ್ನಿಂದ ತಡೆಯಲಾಗಲಿಲ್ಲ. ಮೊದಲಿನ ಮೆತ್ತಗಿನ ಮನುಷ್ಯ ಬೇಕೆನಿಸಿತು. ಪುಡಿ ಮಾರುವ ಮರೆಪ್ಪನ ಹತ್ತಿರ ನಾನೇ ಹೋಗಿ ತಂದು ನಿಮ್ಮ ಕಂಬಳಿಯ ಮಡಿಕೆಯಲ್ಲಿ ಇಟ್ಟೆ. ಆ ಸಂಜೆ ಸೇದಿ ಬಂದ ನೀವು ನನ್ನ ಪಕ್ಕದಲ್ಲಿ ಕೂತು, "ನೀ ಉಂಡಿ ಏನ?" ಎಂದು ಕೇಳಿದಿರಿ. ನಾನು ಮನೆ ಬಿಟ್ಟದ್ದು ಗಾಂಜಾಕ್ಕಲ್ಲ, ಆ ಮುಖ ನೋಡಲಾಗದೆ.

ಇಟ್ಟವಳು ನಾನು, ದೇವರಲ್ಲ. ನನ್ನನ್ನು ಏನು ಬೇಕಾದರೂ ಅನ್ನಿ. ನೀವು ಗುಡಿಯೊಳಗೆ ಹೋಗಿ.