ಮಿಂಚುಹುಳು ಮಾರ್ಕಿನ ರೈಲು

ಸೋಮವಾರ, ನವೆಂಬರ್ ೧೪

ಪ್ರೀತಿಯ ಗುಬ್ಬಿ,

ನಾವೆಲ್ಲ ಕ್ಷೇಮ ಎಂದು ಬರೆಯೋಣವೆಂದರೆ ಈ ಮನೆಯಲ್ಲಿ ಈಗ 'ನಾವೆಲ್ಲ' ಎನ್ನುವಷ್ಟು ಜನ ಇಲ್ಲ. ನಾನು ಕ್ಷೇಮ. ನಿನ್ನ ಎರಡು ಕಾಗದಗಳೂ ಮೇಜಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿವೆ. ಮೊದಲನೆಯದರಲ್ಲಿ ಮಂಡಿ ನೋವು ಎಂದು ಬರೆದಿದ್ದೆ. ಎರಡನೆಯದರಲ್ಲಿ ಮಂಡಿಗಿಂತ ಅತ್ತಿಗೆಯ ಮೌನವೇ ಹೆಚ್ಚು ನೋಯುತ್ತಿದೆ ಎಂದು ಬರೆದಿದ್ದೆ. ಬೈದಿದ್ದು ಸರಿಯಾಗಿಯೇ ಇದೆ, ಬೈಸಿಕೊಂಡೆ. ನಡೆದದ್ದು ಇಷ್ಟು: ಬಲಗಣ್ಣಿನ ಪೊರೆ ತೆಗೆಸಿದೆ. ಮೊದಲೇ ತಿಳಿಸಿದ್ದರೆ ಆ ಮಂಡಿ ಇಟ್ಟುಕೊಂಡು ನೀನು ಓಡಿ ಬರುತ್ತಿದ್ದೆ, ಆಮೇಲೆ ಯಾರು ಯಾರ ಸೇವೆ ಮಾಡಬೇಕಾಗಿತ್ತೋ. ಪಕ್ಕದ ಮನೆ ದರ್ಜಿಯ ಹೆಂಡತಿ ಜೊತೆಗೆ ಬಂದಿದ್ದಳು. ಈಗ ಕಣ್ಣು ಚೆನ್ನಾಗಿ ಕಾಣುತ್ತದೆ. ಎಷ್ಟು ಚೆನ್ನಾಗಿ ಎಂದರೆ, ಇಷ್ಟು ದಿನ ನನ್ನ ಅಡುಗೆಮನೆ ಶುಚಿಯಾಗಿದೆ ಎಂದುಕೊಂಡಿದ್ದೆನಲ್ಲ, ಆ ಭ್ರಮೆ ಮೊದಲ ದಿನವೇ ಹೋಯಿತು.

ಕಾಗದ ತಡವಾದದ್ದಕ್ಕೆ ಕಣ್ಣೊಂದೇ ಕಾರಣವಲ್ಲ. ಅದನ್ನು ಹೇಳಲಿಕ್ಕೇ ಇವತ್ತು ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ಪಟ್ಟಿ ಬಿಚ್ಚಿ ಒಂದು ವಾರಕ್ಕೆ ಮತ್ತೆ ತೋರಿಸಲು ಹೋಗಿದ್ದೆ. ಕಣ್ಣಿನ ಡಾಕ್ಟರು ಐವತ್ತು ದಾಟಿದವರು, ಮಾತು ಕಡಿಮೆ. ಅವರು ಚೀಟಿ ಬರೆಯುವಾಗ ನನ್ನ ಹೊಸ ಕಣ್ಣು ಅವರ ಮೇಜಿನ ಮೇಲೆಲ್ಲ ಓಡಾಡಿತು. ಕಾಗದಗಳ ಮೇಲೆ ಭಾರಕ್ಕೆ ಇಟ್ಟ ಹಾಗೆ ಒಂದು ಹಸಿರು ಇಂಜಿನ್ನು. ಬೆರಳುದ್ದ. ಕಪ್ಪು ಚಿಮಣಿ, ಪಕ್ಕದಲ್ಲಿ ಹಳದಿ ಚುಕ್ಕೆಯ ಮಿಂಚುಹುಳು. ಗುಬ್ಬಿ, ನಮ್ಮ ಮಾರ್ಕು! ಕೈ ತನ್ನಷ್ಟಕ್ಕೇ ಹೋಯಿತು.

"ಮುಟ್ಟಬೇಡಿ ಅಮ್ಮ, ಅದು ಆಟದ ಸಾಮಾನಲ್ಲ," ಅಂದರು ಡಾಕ್ಟರು, ತಲೆ ಎತ್ತದೆ.

"ಆಟದ ಸಾಮಾನೇ ಡಾಕ್ಟರೇ. ನಾವು ಮಾಡ್ತಿದ್ದದ್ದು ಅದನ್ನೇ," ಅಂದೆ.

ಪೆನ್ನು ನಿಂತಿತು. "ನಾವು ಅಂದ್ರೆ?"

"ನಾನು ಬಣ್ಣದ ಕೋಣೆಯಲ್ಲಿದ್ದೆ. ನನ್ನ ನಾದಿನಿ ಪ್ಯಾಕಿಂಗ್‌ನಲ್ಲಿ. ನಮ್ಮೆಜಮಾನರು ಅಚ್ಚು ಕೊರೀತಿದ್ರು."

ಆ ಮನುಷ್ಯ ಎದ್ದು ನಿಂತುಬಿಟ್ಟರು. ಹೊರಗೆ ಬೆಂಚಿನ ಮೇಲೆ ಕಣ್ಣಿಗೆ ಔಷಧಿ ಹಾಕಿಸಿಕೊಂಡವರು ಸಾಲಾಗಿ ತಲೆ ಮೇಲೆ ಮಾಡಿ ಕೂತಿದ್ದರು, ಅವರ ನೆನಪೇ ಇವರಿಗೆ ಇಲ್ಲ. ಏಳನೇ ವರ್ಷಕ್ಕೆ ಅವರಪ್ಪ ಕೊಡಿಸಿದ ಇಂಜಿನ್ನಂತೆ ಅದು. ಅಪ್ಪ ಹೋದರು, ಆ ಮನೆ ಹೋಯಿತು, ಇಂಜಿನ್ನು ಮಾತ್ರ ಜೊತೆಯಲ್ಲೇ ಉಳಿಯಿತು ಅಂದರು. ಮಿಂಚುಹುಳು ಕಾರ್ಖಾನೆಯಲ್ಲಿ ಕೆಲಸ ಮಾಡಿದ ಒಬ್ಬರನ್ನಾದರೂ ನೋಡಬೇಕೆಂದು ಎಷ್ಟು ಕಾಲದಿಂದ ಹುಡುಕುತ್ತಿದ್ದರೋ. "ಭಾನುವಾರ ನಾವು ಕೆಲವರು ಸೇರ್ತೀವಿ. ನೀವು ಬರಲೇಬೇಕು," ಅಂದರು. ಯಾರ ಮನೆಯ ಮದುವೆಗೂ ನನ್ನನ್ನು ಅಷ್ಟು ಒತ್ತಾಯದಿಂದ ಕರೆದಿರಲಿಲ್ಲ.

ಹೋದೆ. ಮಾರುಕಟ್ಟೆ ರಸ್ತೆಯಲ್ಲಿ ಒಂದು ಮಹಡಿ ಕೋಣೆ. ಕಿಟಕಿಗೆ ಹಳೆಯ ಬೆಡ್‌ಶೀಟಿನ ಪರದೆ. ಒಳಗೆ ಗೋಡೆಯಿಂದ ಗೋಡೆಗೆ ಮರದ ಹಲಗೆ, ಅದರ ಮೇಲೆ ಒಂದು ಇಡೀ ಊರು. ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಮಾಡಿದ ಗುಡ್ಡ, ಒಡೆದ ಕನ್ನಡಿಯ ಕೆರೆ, ಬೆಂಕಿಪೊಟ್ಟಣದ ಅಂಗಡಿಗಳು. ನಡುವೆ ಹಳಿ. ಡಾಕ್ಟರ ಜೊತೆಗೆ ಇನ್ನಿಬ್ಬರು ಇದ್ದರು. ಒಬ್ಬರು ಬಸ್ ಡ್ರೈವರು, ಒಬ್ಬರು ನಿವೃತ್ತ ಮೇಷ್ಟ್ರು. ಮೊದಲು ಇನ್ನೂ ಕೆಲವರು ಬರುತ್ತಿದ್ದರಂತೆ. ಒಬ್ಬರಿಗೆ ಸೊಸೆ ಬಿಡುವುದಿಲ್ಲ, ಒಬ್ಬರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಒಬ್ಬರು ತೀರಿಕೊಂಡರು.

ಅವರ ಮಾತು ನೀನು ಕೇಳಬೇಕಿತ್ತು. ನಿಂತುಹೋದ ಕಂಪನಿಗಳ ಹೆಸರನ್ನು ಅವರು ತೀರಿಕೊಂಡ ನೆಂಟರ ಹಾಗೆ ಹೇಳುತ್ತಾರೆ. ಬೆಳ್ಳಕ್ಕಿ ಮಾರ್ಕು ನೆನಪಿದೆಯಾ, ನಮ್ಮ ಎದುರಾಳಿ? ಅದರ ಬೋಗಿ ಕಂಡರೆ ಸಾಕು, ನಮ್ಮ ಮಾಲೀಕರಿಗೆ ಊಟ ಸೇರುತ್ತಿರಲಿಲ್ಲ. ಮೇಷ್ಟ್ರು ಅದರ ಭಕ್ತರು. "ಬೆಳ್ಳಕ್ಕಿ ಚಕ್ರ ಹಳಿ ಮೇಲೆ ಕೂತ್ರೆ ಗಂಡನ ಮನೆಗೆ ಬಂದ ಹುಡುಗಿ ಹಾಗೆ, ಸದ್ದೇ ಇಲ್ಲ. ನಿಮ್ಮ ಮಿಂಚುಹುಳು ಯಾವಾಗಲೂ ಕಟಕಟ," ಅಂದರು. ನಾನು ಬಿಡುತ್ತೇನೆಯೇ? "ಗಂಡನ ಮನೆಯಲ್ಲಿ ಸದ್ದು ಮಾಡದ ಹುಡುಗಿ ನಮ್ಮ ಕಡೆ ಯಾರೂ ಇಲ್ಲ ಮೇಷ್ಟ್ರೇ," ಅಂದೆ. ಡ್ರೈವರು ಚಹಾ ಚೆಲ್ಲಿಕೊಂಡು ನಕ್ಕರು.

ಆ ಡ್ರೈವರು ಒಳ್ಳೆಯ ಮನುಷ್ಯ. ಚಿಕ್ಕಂದಿನಲ್ಲಿ ಅವರ ಹತ್ತಿರ ರೈಲು ಇರಲಿಲ್ಲ. ಪಕ್ಕದ ಮನೆಯ ಹುಡುಗನಿಗಿತ್ತು, ಇವರು ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದರಂತೆ. ಈಗ ಗುಜರಿ ಅಂಗಡಿಗಳಲ್ಲಿ ಹುಡುಕಿ ಒಂದೊಂದೇ ಬೋಗಿ ತರುತ್ತಾರೆ. "ವಾರವೆಲ್ಲ ದೊಡ್ಡ ಗಾಡಿ ಓಡಿಸ್ತೀನಮ್ಮ, ಒಂದು ನಿಮಿಷ ನೆಮ್ಮದಿ ಇಲ್ಲ. ಇಲ್ಲಿ ಹಿಂದಿನಿಂದ ಯಾರೂ ಹಾರ್ನ್ ಹೊಡೆಯಲ್ಲ," ಅಂದರು. ಅವರ ಹತ್ತಿರ ಖಾಲಿ ಡಬ್ಬವೊಂದು ಇದೆ. ನಮ್ಮದೇ ನೀಲಿ ಡಬ್ಬ, ಒಳಗೆ ನೀನು ಮಡಚಿ ಇಡುತ್ತಿದ್ದ ಆ ತೆಳು ಕಾಗದ ಹಾಗೇ ಇದೆ. "ಮೂಸಿ ನೋಡಿ," ಅಂತ ಕೊಟ್ಟರು. ವಾರ್ನಿಷು, ಗೋಂದು, ಬಿಸಿ ತಗಡು. ನನಗೆ ಪ್ಯಾಕಿಂಗ್ ಕೋಣೆಯ ಉದ್ದನೆಯ ಬೆಂಚು ಕಂಡಿತು, ತುದಿಯಲ್ಲಿ ಕಾಲು ನೆಲಕ್ಕೆ ಎಟುಕದೆ ಸ್ಟೂಲಿನ ಮೇಲೆ ಕೂತು ಪಟಪಟ ಮಾತಾಡುವ ನೀನು ಕಂಡೆ. ಅಲ್ಲಿ ತಾನೇ ನಿನಗೆ ಗುಬ್ಬಿ ಅಂತ ಹೆಸರು ಬಿದ್ದದ್ದು. ನಿಜವಾದ ಹೆಸರನ್ನು ಮೇಸ್ತ್ರಿ ಸಂಬಳದ ದಿನ ಕೂಗಿದರೆ ನೀನೇ ಓಗೊಡುತ್ತಿರಲಿಲ್ಲ.

ಅವರು ಕೇಳಿದರು, ನಾನು ಹೇಳುತ್ತಲೇ ಹೋದೆ. ಬಣ್ಣದ ಕೋಣೆಯಲ್ಲಿ ಬೆಳಕು ಬರುವ ಕಡೆಗೆ ಮುಖ ಮಾಡಿ ಕೂರುತ್ತಿದ್ದೆವು, ಒಬ್ಬೊಬ್ಬ ಸೀಸದ ಪ್ರಯಾಣಿಕನಿಗೂ ಉಸಿರು ಹಿಡಿದು ಕಣ್ಣು ಬರೆಯುತ್ತಿದ್ದೆವು, ಉಸಿರು ಬಿಟ್ಟರೆ ಪಾಪ ಅವನಿಗೆ ಮೆಳ್ಳೆಗಣ್ಣು. ಕೋಪ ಬಂದ ದಿನ ಸ್ಟೇಷನ್ ಮಾಸ್ಟರಿಗೆಲ್ಲ ಮೇಸ್ತ್ರಿಯ ಮೀಸೆ ಬರೆದು ಕಳಿಸುತ್ತಿದ್ದೆ. ಡಾಕ್ಟರು ತಮ್ಮ ಸ್ಟೇಷನ್ ಮಾಸ್ಟರನ್ನು ತಂದು ನೋಡಿದರೆ ಅದೇ ಮೀಸೆ. ಮೂವರೂ ಅದನ್ನು ಕೈಯಿಂದ ಕೈಗೆ ದಾಟಿಸಿದರು.

ಆಮೇಲೆ ಮೇಷ್ಟ್ರು ನಮ್ಮ ಮಾರ್ಕಿನ ಒಂದು ಇಂಜಿನ್ನನ್ನು ಮಗುಚಿ ನನ್ನ ಕೈಗೆ ಕೊಟ್ಟರು. "ಒಂದು ಜಗಳ ತೀರಿಸಬೇಕಲ್ಲಮ್ಮ," ಅಂದರು. ಅದರ ಹೊಟ್ಟೆಯ ಕೆಳಗೆ, ಹಿಂದಿನ ಚಕ್ರದ ಪಕ್ಕ, ಉಗುರಿಗೆ ತಗಲುವಂಥ ಒಂದು ಸಣ್ಣ ಉಬ್ಬು. ಮೊದಮೊದಲ ಇಂಜಿನ್ನುಗಳಲ್ಲಿ ಇಲ್ಲ, ಕೊನೆಯ ಕೆಲವು ವರ್ಷದವುಗಳಲ್ಲಿ ಮಾತ್ರ ಇದೆ. ಮೇಷ್ಟ್ರು ಅದಕ್ಕೆ ಅಲ್ಪವಿರಾಮ ಎಂದು ಹೆಸರಿಟ್ಟಿದ್ದಾರೆ. ಕಂಪನಿಯ ಗುಟ್ಟಿನ ಗುರುತು ಎಂದು ಅವರ ವಾದ. ಅಚ್ಚು ಸವೆದು ಆದ ಗೀಚು ಎಂದು ಡಾಕ್ಟರ ವಾದ. ಇದರ ಮೇಲೆ ಇಬ್ಬರೂ ಒಂದು ಸಲ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರಂತೆ.

ಆ ಉಬ್ಬಿನ ಮೇಲೆ ಬೆರಳಾಡಿಸಿದೆ. ನಿನಗೂ ಇದು ಗೊತ್ತಿಲ್ಲ, ಗುಬ್ಬಿ. ಹೇಳಬಾರದು ಎಂದು ನಿಮ್ಮಣ್ಣ ನನ್ನಿಂದ ಮಾತು ತೆಗೆದುಕೊಂಡಿದ್ದರು. ಮದುವೆಯಾಗಿ ನೀನು ಹೊರಟ ಮೇಲೆ ಅವರು ಪ್ಯಾಕಿಂಗ್ ಕೋಣೆಯ ಕಡೆ ಹೋಗುವುದನ್ನೇ ಬಿಟ್ಟರು. ಚಹಾದ ಹೊತ್ತಿಗೆ ಸುತ್ತು ಹಾಕಿಕೊಂಡು ಅಂಗಳದ ಕಡೆಯಿಂದ ಬರುತ್ತಿದ್ದರು. ಆ ವರ್ಷವೇ ಹೊಸ ಅಚ್ಚು ಕೊರೆಯುವ ಕೆಲಸ ಬಂತು. ಒಂದು ದಿನ ನನ್ನನ್ನು ಅಚ್ಚಿನ ಮನೆಗೆ ಕರೆದು ಭೂತಗನ್ನಡಿ ಕೊಟ್ಟರು. ನೋಡಿದರೆ ಉಕ್ಕಿನ ತಳದಲ್ಲಿ ಒಂದು ಹಕ್ಕಿ, ಸಾಸಿವೆಯಷ್ಟು, ಬಾಲ ಮೇಲೆತ್ತಿಕೊಂಡು ಕೂತಿದೆ. "ಅವಳು ಇಲ್ಲೇ ಇರ್ಲಿ. ಯಾರಿಗೂ ಹೇಳಬೇಡ, ಅವಳಿಗಂತೂ ಮೊದಲೇ ಬೇಡ. ಊರೆಲ್ಲ ಸಾರಿಕೊಂಡು ಬರ್ತಾಳೆ," ಅಂದರು.

ಮೂವರಿಗೂ ಹೇಳಿದೆ, ಅದು ಅಲ್ಪವಿರಾಮ ಅಲ್ಲ, ಗೀಚೂ ಅಲ್ಲ, ನಮ್ಮೆಜಮಾನರ ತಂಗಿ ಎಂದು. ಡಾಕ್ಟರು ತಮ್ಮ ಕಣ್ಣು ನೋಡುವ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಬಾಲ ಇದೆ," ಅಂದರು, ಅಷ್ಟೇ. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ಡ್ರೈವರು ಆ ಇಂಜಿನ್ನನ್ನು ಎರಡು ಕೈಯಲ್ಲಿ ತೆಗೆದುಕೊಂಡು ಹಳಿಯ ಮೇಲೆ ಇಟ್ಟು ಸ್ವಿಚ್ಚು ಹಾಕಿದರು. ಇಡೀ ಊರು ಸುತ್ತಿ ನೀನು ನನ್ನ ಮುಂದೆ ಬಂದು ನಿಂತೆ.

"ಯಜಮಾನರು ಈಗ..." ಎಂದು ಕೇಳಿದರು ಡಾಕ್ಟರು. ಹೋಗಿ ಮೂರು ವರ್ಷವಾಯಿತು ಅಂದೆ. ಕೇಳಿದ್ದಕ್ಕೆ ಉಳಿದದ್ದನ್ನೂ ಹೇಳಿದೆ. ಅಗ್ಗದ ಪ್ಲಾಸ್ಟಿಕ್ ಸಾಮಾನು ಬಂದು ಅಂಗಡಿಗಳು ನಮ್ಮ ಡಬ್ಬಗಳನ್ನು ವಾಪಸು ಕಳಿಸಿದ್ದು, ಮಾಲೀಕರ ಮಕ್ಕಳು ಅಚ್ಚುಗಳನ್ನೆಲ್ಲ ಕಬ್ಬಿಣದ ತೂಕಕ್ಕೆ ಹಾಕಿದ್ದು, ಲಾರಿಗೆ ತುಂಬುವಾಗ ನಿಮ್ಮಣ್ಣ ತಾವೇ ಒಂದು ಕೈ ಹಿಡಿದು ಎತ್ತಿಕೊಟ್ಟಿದ್ದು. ಆಮೇಲೆ ಮಾರುಕಟ್ಟೆಯ ಮೂಲೆಯಲ್ಲಿ ಕೂತು ಬೀಗದ ಕೈ ಮಾಡಿಕೊಂಡು ಬದುಕಿದರಲ್ಲ, ಒಂದು ದಿನವೂ ರೈಲಿನ ಮಾತು ಎತ್ತಲಿಲ್ಲ. ಆಟದ ಸಾಮಾನಿನ ಅಂಗಡಿ ಬಂದರೆ ರಸ್ತೆಯ ಆ ಬದಿಗೆ ದಾಟುತ್ತಿದ್ದರು. ನಾನೂ ಜೊತೆಗೆ ದಾಟುತ್ತಿದ್ದೆ. ನಮ್ಮ ಕೆಲಸ ಯಾರಿಗೂ ಬೇಡದ್ದಾಯಿತು ಎನ್ನುವುದನ್ನು ಇಬ್ಬರೂ ಒಪ್ಪಿಕೊಂಡು ಸುಮ್ಮನಿದ್ದೆವು.

 ಡ್ರೈವರು ಎದ್ದು ಹೋಗಿ ಒಂದು ಪೊಟ್ಟಣ ತಂದರು. ಅದರ ತುಂಬ ಬಣ್ಣವೇ ಹಚ್ಚದ ಪ್ರಯಾಣಿಕರು, ಬೂದಿ ಬಣ್ಣದ ಸೀಸದ ಮನುಷ್ಯರು. ಗುಜರಿಯಲ್ಲಿ ಸಿಕ್ಕಿದ್ದಂತೆ. "ನಾವು ಹಚ್ಚೋದು ಸರಿಯಲ್ಲ ಅಂತ ಹಾಗೇ ಇಟ್ಟಿದ್ದೀವಿ. ನೀವು..." ಅಂದರು.

ಆಗಲ್ಲ ಅಂದೆ. ಕೈ ನಡುಗುತ್ತದೆ ಅಂದೆ. "ಕಣ್ಣಿಗೆ ನಾನು ಜವಾಬ್ದಾರಿ, ಕೈ ನಿಮ್ಮದು," ಅಂದರು ಡಾಕ್ಟರು. ಕುಂಚ ಹಿಡಿದೆ. ಮೊದಲನೆಯವನಿಗೆ ಒಂದು ಕಣ್ಣು ಕಿವಿಯ ಹತ್ತಿರ ಹೋಯಿತು. "ಇವನು ನಮ್ಮ ಕಂಡಕ್ಟರ್ ಥರಾನೇ ಇದ್ದಾನೆ, ಇರ್ಲಿ ಬಿಡಿ," ಅಂತ ಡ್ರೈವರು ಅವನನ್ನು ಟಿಕೆಟ್ ಕಿಟಕಿಯ ಮುಂದೆ ನಿಲ್ಲಿಸಿಬಿಟ್ಟರು. ಎರಡನೆಯವಳು ಪರವಾಗಿಲ್ಲ. ಮೂರನೆಯವಳನ್ನು ನೀನು ನೋಡಿದರೆ ಹಳೆಯ ಕೈ ಎನ್ನುತ್ತೀಯ. ಅಂದಿನಿಂದ ಪ್ರತಿ ಭಾನುವಾರ ಹೋಗುತ್ತಿದ್ದೇನೆ. ಮೇಷ್ಟ್ರು ನನಗೆಂದು ದಿಂಬು ಹಾಕಿದ ಕುರ್ಚಿ ತಂದಿದ್ದಾರೆ. ಜಗಳ ಮಾಡಲು ಜನ ಸಿಕ್ಕಿದ್ದಾರೆ, ಅದೇ ದೊಡ್ಡ ಔಷಧಿ. ಸಂಜೆ ಮನೆಗೆ ಬಂದಾಗ ಬೆರಳ ತುದಿಯಲ್ಲಿ ಬಣ್ಣ ಇರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆಯಬೇಕು, ಆದರೆ ಸೋಮವಾರದವರೆಗೂ ತೊಳೆಯುವುದಿಲ್ಲ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಅವರ ಗೋಡೆಯ ಮೇಲೆ ನಿಮ್ಮಣ್ಣನ ಫೋಟೋ ಹಾಕಬೇಕಂತೆ. ನನ್ನ ಹತ್ತಿರ ಇರುವುದು ಕಾರ್ಖಾನೆಯ ಗುಂಪಿನ ಫೋಟೋ, ಅದರಲ್ಲಿ ಮುಂದಿನವರ ಟೋಪಿ ಅವರ ಅರ್ಧ ಮುಖ ನುಂಗಿದೆ. ನಿನ್ನ ಮದುವೆಯ ಫೋಟೋಗಳಲ್ಲಿ ಅವರು ನಿನ್ನ ಪೆಟ್ಟಿಗೆಯ ಮೇಲೆ ಕೂತು ನಗುತ್ತಿರುವುದು ಒಂದಿದೆಯಲ್ಲ, ಅದರ ಪ್ರತಿ ಮಾಡಿಸಿ ಕಳಿಸು. ಮಂಡಿ ಸ್ವಲ್ಪ ಮಾತು ಕೇಳಿದ ಮೇಲೆ ನೀನೇ ತಂದರೆ ಇನ್ನೂ ಒಳ್ಳೆಯದು. ನಿನ್ನನ್ನು ನೋಡಲು ಮೂವರೂ ಕಾಯುತ್ತಿದ್ದಾರೆ. ಇಷ್ಟು ವರ್ಷ ಮಗುಚಿ ಮಗುಚಿ ನೋಡಿದವರು, ನೆಟ್ಟಗೆ ಒಂದು ಸಲ ನೋಡಲಿ.

ಮಂಡಿಗೆ ಬಿಸಿನೀರಿನ ಕಾವು ಕೊಡು, ಮೆಟ್ಟಿಲು ಹತ್ತಬೇಡ. ನಿಮ್ಮೆಜಮಾನರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಅತ್ತೆಯ ಆಶೀರ್ವಾದ. ನೂರು ಕಾಲ ಸುಖವಾಗಿ ಬಾಳು, ತಾಯಿ. ನಿನ್ನ ಮಾತು ನಿಲ್ಲದಿರಲಿ.

ನಿನ್ನ
ಅತ್ತಿಗೆ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಆ ಮಹಡಿ ಕೋಣೆಯ ಕೆಳಗೆ ಏನಿದೆ ಎಂದು ನಾನು ಬರೆಯಲಿಲ್ಲ. ಸೈಕಲ್ ರಿಪೇರಿ ಅಂಗಡಿ. ನಿಮ್ಮಣ್ಣ ಯಾವಾಗಲೂ ಹೋಗುತ್ತಿದ್ದದ್ದು ಅದೇ ಅಂಗಡಿಗೆ. ಬೀಗದ ಅಂಗಡಿಗೆ ಭಾನುವಾರ ರಜೆ, ಅವತ್ತೇ ಅವರು ಸೈಕಲ್ ತಂದು ಅಲ್ಲಿ ಹಲಗೆಯ ಮೇಲೆ ಕೂರುತ್ತಿದ್ದರು. ಡಾಕ್ಟರು, ಮೇಷ್ಟ್ರು ಎಲ್ಲ ಆಗಲೇ ಮೇಲೆ ರೈಲು ಓಡಿಸುತ್ತಿದ್ದರು, ಎಷ್ಟೋ ವರ್ಷದಿಂದ. ಆಸ್ಪತ್ರೆಯಲ್ಲಿ ಕೊನೆಯ ವಾರ ನಿಮ್ಮಣ್ಣ ನನ್ನನ್ನು ಕೇಳಿದ್ದರು: "ನಾವು ಮಾಡಿದ್ದರಲ್ಲಿ ಒಂದಾದ್ರೂ ಎಲ್ಲಾದ್ರೂ ಉಳಿದಿರುತ್ತಾ?" ಇರದೆ ಏನು ಅಂದೆ. "ಸಮಾಧಾನಕ್ಕೆ ಹೇಳ್ತೀಯ," ಅಂತ ಗೋಡೆ ಕಡೆ ತಿರುಗಿ ಮಲಗಿದರು. ನಿನ್ನೆ ಸೈಕಲ್ ಅಂಗಡಿಯವನು ನನ್ನ ಗುರುತು ಹಿಡಿದು ಮಾತಾಡಿಸಿದ. ಒಂದು ಭಾನುವಾರ ನಿಮ್ಮಣ್ಣ ಪಂಕ್ಚರ್ ಹಾಕಿಸುತ್ತ ಕೂತವರು ಮೇಲೆ ನೋಡಿ, "ಅದೇನಪ್ಪಾ ಕಟಕಟ ಸದ್ದು?" ಎಂದು ಕೇಳಿದ್ದರಂತೆ. ಅವನು, "ಯಾರೋ ಹೊಲಿಗೆ ಮೆಷಿನ್ ಇಟ್ಕೊಂಡಿರಬೇಕು ಯಜಮಾನ್ರೇ," ಅಂದನಂತೆ. ಇವರು ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಇರಬೇಕು," ಅಂತ ಸೈಕಲ್ ಹತ್ತಿ ಹೋದರಂತೆ.