ಎಲೆಕೋಸಿನ ಪೀಪಾಯಿಯ ಕ್ಯಾಮೆರಾ

ಕಮೆನ್,

ನಿನ್ನೆ ಸಂಜೆ ನೀನು ರೌಟರಿನ ಸಂಪರ್ಕಗಳ ಪಟ್ಟಿಯನ್ನು ಪೂರ್ತಿ ಅಳಿಸಿದೆ. ಗ್ರಂಥಾಲಯ ಮುಚ್ಚುವುದರ ವಿರುದ್ಧ ನಾನು ವಿಡಿಯೊ ಸಭೆಯಲ್ಲಿ ಓದುತ್ತಿದ್ದ ಮನವಿ "ನಾವು ಎಂದಿಗೂ" ಎಂಬಲ್ಲೇ ಕಡಿಯಿತು. ಓದುಬಳಗದ ಹತ್ತೊಂಬತ್ತು ಜನ ಪರದೆಯಲ್ಲಿ ಬಾಯಿ ತೆರೆದು ನಿಂತ ನನ್ನ ಮುಖವನ್ನೇ ನೋಡುತ್ತ ಕುಳಿತರು.

ಪಟ್ಟಿ ತುಂಬಿ ಹೊಸ ಸಂಪರ್ಕಕ್ಕೆ ಜಾಗವಿರಲಿಲ್ಲ, ನಿಜ. ತುಂಬಿಸಿದ್ದು ಯಾರೆಂದು ನೋಡಿದೆಯಾ? ನಾಲ್ಕು ಸಾವಿರದಲ್ಲಿ ಮೂರು ಸಾವಿರದ ಒಂಬೈನೂರು ಸಾಲು ನೆಲಮಾಳಿಗೆಯಲ್ಲಿ ಉಪ್ಪುನೀರಿನಲ್ಲಿ ಹುಳಿಯಲಿಟ್ಟ ಎಲೆಕೋಸಿನ ಪೀಪಾಯಿಗೆ ನೀನು ಕಟ್ಟಿದ ಕ್ಯಾಮೆರಾದವು! ಒಬ್ಬನ ಹೊಟ್ಟೆಬಾಕತನಕ್ಕೆ ಊರನ್ನೆಲ್ಲ ಹೊರದಬ್ಬುವುದು ಸರ್ವಾಧಿಕಾರಿಗಳ ಚಾಳಿ ಕಣೋ.

ನಾಳೆ ಪುರಸಭೆ ತೀರ್ಮಾನಿಸುತ್ತದೆ. ಇವತ್ತು ಏಳಕ್ಕೆ ಮತ್ತೆ ಓದುತ್ತೇನೆ. ಅಷ್ಟರೊಳಗೆ ಕ್ಯಾಮೆರಾದ ಸಾಲುಗಳನ್ನು ಮಾತ್ರ ಅಳಿಸು. ಸತ್ತ ಸಂಪರ್ಕವನ್ನೂ ಪಟ್ಟಿಯಲ್ಲೇ ಇಟ್ಟುಕೊಂಡು ರೌಟರು ಐದು ದಿನ ಸೂತಕ ಹಿಡಿಯುತ್ತಿದೆ, ಅದನ್ನು ಒಂದು ಗಂಟೆಗೆ ಇಳಿಸು. ಕ್ಯಾಮೆರಾ ಕಿತ್ತುಹಾಕು. ಕೋಸು ಕೊಳೆಯದಂತೆ ಪೀಪಾಯಿಯ ಉಪ್ಪುನೀರು ಕೆಳಗಿನಿಂದ ಬಸಿದು ಮತ್ತೆ ಮೇಲಿನಿಂದ ಸುರಿ. ಒಲೆಯ ಮೇಲೆ ಬೀನ್ಸ್ ಸಾರಿದೆ, ಬಿಸಿ ಮಾಡಿಕೊಂಡು ಉಣ್ಣು.

ಬಿಸ್ತ್ರಾ

ಅಕ್ಕಾ, ಅಳಿಸಿದೆ, ಇಳಿಸಿದೆ, ಸುರಿದೆ, ಉಂಡೆ. ಕ್ಯಾಮೆರಾ ಮಾತ್ರ ಕೀಳಲ್ಲ. ನಾನು ಕೋಸು ಕೊಳೆಸ್ತೀನೇನೋ ಅಂತ ದೂರದ ವಾರ್ನಾ ಊರಿಂದ ಅಜ್ಜಿ ದಿನವಿಡೀ ಅದರಲ್ಲೇ ನೋಡ್ತಿರ್ತಾಳೆ. ಪುರಸಭೆಗೇ ಹೆದರದೋಳು ನೀನು, ನೀನೇ ಕೀಳು.

ಕಮೆನ್